ಕೆರೆಯಲ್ಲಿ ಕಪ್ಪಾದ ಬೆಳ್ಳಿ

1957ರ ಡಿಸೆಂಬರ್, ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ರೋಣದಿಂದ ಸವಡಿಯ ಕಡೆಗೆ ಇರುವ ಒಂದು ಊರಿನ ಕೆರೆ ದಂಡೆ. ಊರಿನ ಹೆಸರು ಬೇಡ. ಅಲ್ಲಿದ್ದವರು ಊರ ಹಿರಿಯರಾದ ಶಂಕರಗೌಡರು, ಒಂದಷ್ಟು ರೈತರು, ಮತ್ತು ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದ ನಾನು. ದೂರದಲ್ಲಿ ಒಬ್ಬಳೇ ನಿಂತಿದ್ದವಳು ನೀಲವ್ವ. ಎರಡು ಎಮ್ಮೆ ಸಾಕಿ ಹಾಲು ಮಾರುತ್ತಿದ್ದವಳು.

ಮಳೆಗಾಲದಲ್ಲಿ ನಾನೇ ಬಿಡಿಸಿದ್ದ ಕಾಟ್ಲಾ, ರೋಹು ಮೀನಿನ ಮರಿಗಳು ಗೇಣುದ್ದ ಬೆಳೆದಿದ್ದವು. ಈಗ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಗೌಡರು ಒಂದು ಬೆಳ್ಳಿ ರೂಪಾಯಿಯನ್ನು ನನ್ನ ಕೈಗಿಟ್ಟರು. ಅದು ಕಪ್ಪಾಗಿತ್ತು. “ನಿನ್ನೆ ನೀರಾಗ ಇಳಿಬಿಟ್ಟಿದ್ವಿ ಸಾಹೇಬ್ರ. ವಿಷ ಇದ್ರನ ಬೆಳ್ಳಿ ಹಿಂಗಾಗೂದು. ವಿಷ ಅಂತ ನೀವೊಂದು ಮಾತು ಬರಕೊಡ್ರಿ, ಫೌಜದಾರ್ರನ್ನ ಕರಸ್ತೀವಿ.”

ಮೀನು ಬಿಟ್ಟ ಮೇಲೆ ಕೆರೆಗೆ ಎಮ್ಮೆ ಇಳಿಸಬಾರದೆಂದು ಊರವರು ನೀಲವ್ವನನ್ನು ತಡೆದಿದ್ದರು. ನಿಮ್ಮ ಮೀನು ಸತ್ತುಹೋಗಲಿ ಎಂದು ಅವಳು ಎಲ್ಲರೆದುರು ಬೈದಿದ್ದಳು. ವಿಷ ಹಾಕಿದವಳು ಅವಳೇ ಎಂದು ಊರ ಚಾವಡಿಯಲ್ಲಿ ಆಗಲೇ ತೀರ್ಮಾನವಾಗಿತ್ತು.

“ಅಂದೀನ್ರಿ,” ಎಂದಳು ನೀಲವ್ವ, ನಿಂತಲ್ಲಿಂದಲೇ. “ಬಾಯಿಲೆ ಅಂದೀನಿ. ನನ್ನ ಬಾಯಿಗೆ ಅಷ್ಟು ಕಸುವಿದ್ರ ಇವರೊಳಗ ಭಾಳ ಮಂದಿ ಇಷ್ಟೊತ್ತಿಗೆ ಇರ್ತಿದ್ದಿಲ್ಲ.”

ನಾನು ಬಗ್ಗಿ ನೀರನ್ನು ಮೂಸಿದೆ. ಕೊಳೆತ ಮೊಟ್ಟೆಯ ವಾಸನೆ. ಆ ವಾಸನೆ ನನಗೆ ಹೊಸದಲ್ಲ. ಹಿಂದೆ ಕರಾವಳಿಯಲ್ಲಿದ್ದಾಗ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಹಾಕುತ್ತಿದ್ದ ಕಡೆಗಳಲ್ಲಿ ಮೀನು ಹೀಗೆಯೇ ಸಾಯುವುದನ್ನು ಕಂಡಿದ್ದೆ. ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಕಿವಿರಿನ ಮೂಲಕ ಮೀನಿನ ಒಂದೊಂದು ಜೀವಕೋಶವನ್ನೂ ಹೊಗುತ್ತದೆ. ಅಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳಲು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅನಿಲ ಹೋಗಿ ಅದನ್ನೇ ಹಿಡಿದು ನಿಲ್ಲಿಸುತ್ತದೆ. ರಕ್ತ ಹೊತ್ತು ತಂದ ಅಷ್ಟಿಷ್ಟು ಆಮ್ಲಜನಕವೂ ಆಗ ಕೋಶಕ್ಕೆ ದಕ್ಕುವುದಿಲ್ಲ. ಬೆಳ್ಳಿಯನ್ನು ಕಪ್ಪು ಮಾಡುವುದೂ ಇದೇ ಅನಿಲ.

ಕೆರೆಯ ಅಂಚಿನುದ್ದಕ್ಕೂ ಕಲ್ಲು ಹೇರಿ ಮುಳುಗಿಸಿದ್ದ ಪುಂಡಿಕಟ್ಟಿಗೆಯ ಹೊರೆಗಳು ಕಂಡವು. ಹಗ್ಗದ ನಾರಿಗಾಗಿ ಅದನ್ನು ನೀರಿನಲ್ಲಿ ಕೊಳೆಸುತ್ತಾರೆ. ಆ ವರ್ಷ ಪುಂಡಿ ಹುಲುಸಾಗಿ ಬಂದಿತ್ತು. ಗಜೇಂದ್ರಗಡದ ಸಂತೆಯಲ್ಲಿ ಹಗ್ಗಕ್ಕೆ ಗಿರಾಕಿಗಳಿದ್ದರು. ಊರಿಗೆ ಊರೇ ತಂದು ಮುಳುಗಿಸಿತ್ತು.

ಮೀನು ಸತ್ತದ್ದು, ಬೆಳ್ಳಿ ಕಪ್ಪಾದದ್ದು ಈ ಪುಂಡಿ ಕೊಳೆತದ್ದರಿಂದ ಎಂದು ಹೇಳಿದೆ. ಗೌಡರು ಒಪ್ಪಲಿಲ್ಲ. “ನಮ್ಮಪ್ಪನ ಕಾಲದಿಂದ ಪುಂಡಿ ಹಾಕ್ತೀವಿ. ಈ ಕೆರಿ ನೀರಾಗ ಅಕಿ ವಿಷ ಕೂಡೈತಿ, ಅದಕ್ಕ ಬೆಳ್ಳಿ ಕೆಟ್ಟೈತಿ.”

“ಬ್ಯಾರೆ ಎಲ್ಲ್ಯರ ಪುಂಡಿ ಹಾಕೀರೇನ್ರಿ?” ಎಂದು ಕೇಳಿದೆ.

“ನನ್ನ ಹೊಲದ ಹೊಂಡದಾಗ ಒಂದೀಟು ಐತಿ.”

“ನೀಲವ್ವ ಅಲ್ಲಿಗೆ ಬಂದಿದ್ಲೇನು?”

“ನನ್ನ ಹೊಲಕ್ಕ ಅಕಿ ಯಾಕ ಬರ್ತಾಳ್ರಿ.”

ಹೊಂಡದಲ್ಲೂ ಬೆಳ್ಳಿ ಕಪ್ಪಾಗುತ್ತದೆಯೇ ನೋಡೋಣ ಎಂದು ಅಲ್ಲಿಗೇ ಹೋದೆವು. ಗೌಡರು ತಮ್ಮ ಸೊಂಟದ ಬೆಳ್ಳಿ ಉಡದಾರ ಬಿಚ್ಚಿ ಹೊರೆಗಳ ನಡುವೆ ಇಳಿಬಿಟ್ಟರು. ನೀಲವ್ವ ಹತ್ತಿರ ಸುಳಿಯಬಾರದೆಂದು ಅವಳನ್ನು ಚಾವಡಿಯಲ್ಲಿ ಕೂಡಿಸಿದ್ದರು. ಸಂಜೆ ನಾಲ್ಕಕ್ಕೆ ಉಡದಾರವನ್ನು ಮೇಲೆತ್ತಿದಾಗ ಅದು ಕಪ್ಪಾಗಿ ಕಬ್ಬಿಣದ ಸರಪಳಿಯಂತಿತ್ತು.

ಗೌಡರು ಕೆರೆಗೆ ಬಂದು ಮೊದಲ ಹೊರೆಯನ್ನು ತಾವೇ ಎಳೆದರು. ಮಿಕ್ಕವರೂ ನೀರಿಗಿಳಿದರು. ಅಷ್ಟರಲ್ಲಿ ಚಾವಡಿಯಿಂದ ಬಿಟ್ಟ ನೀಲವ್ವ ಬಂದಳು.

“ಮನಿಗೆ ಹೋಗವಾ. ನಿಂದೇನೂ ತಪ್ಪಿಲ್ಲ,” ಎಂದರು ಗೌಡರು, ಹೊರೆಯಿಂದ ಕಣ್ಣೆತ್ತದೆ.

“ವಿಷ ಹಾಕಿದಾಕಿ ಅಂತ ಚಾವಡ್ಯಾಗ ನಿಂತು ಅಂದ್ರಿ, ಗೌಡ್ರ. ಇದನ್ನ ನೀರಾಗ ನಿಂತು ಅಂದ್ರ ಹ್ಯಾಂಗ?”

ಗೌಡರು ಹೊರೆಯನ್ನು ಕೈಬಿಟ್ಟು ದಂಡೆಗೆ ಬಂದರು. ಒದ್ದೆ ಧೋತರದಲ್ಲೇ ಚಾವಡಿಗೆ ಹೋಗಿ, ಹೆಂಗಸರು ಗಂಡಸರನ್ನೆಲ್ಲ ಕರೆಸಿ, ನಿಂತುಕೊಂಡು ಅದೇ ಮಾತನ್ನು ಹೇಳಿದರು. ನೀಲವ್ವ ಕೊನೆಯ ಮಾತಿನವರೆಗೂ ಕೇಳಿ ಎದ್ದು ಹೋದಳು.

ಒಂದು ಗುರುತಿಗೆ ಎರಡು ಕಾರಣಗಳಿರಬಹುದು. ಆರೋಪಿ ಕಾಲಿಡದ ಜಾಗದಲ್ಲೂ ಅದೇ ಗುರುತು ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ನನ್ನ ನೌಕರಿ ಇದನ್ನು ಕಲಿಸಿತು. ಆದರೂ ಬೇರೆ ವಿಷವೇ ಇರಲಿಲ್ಲ ಎಂದು ಹೇಳಲು ಬೆಳ್ಳಿಯೊಂದೇ ಸಾಲದು. ಅದಕ್ಕೆ ಪ್ರಯೋಗಾಲಯವೇ ಬೇಕು. ಚಾವಡಿಯ ಮೆಟ್ಟಿಲ ಮೇಲೆ ಕೂತು, ಕೆರೆಯ ನೀರಿನ ಬಾಟಲಿ ಒಂದಕ್ಕೆ, ಹೊಂಡದ ನೀರಿನ ಬಾಟಲಿ ಒಂದಕ್ಕೆ ಅರಗು ಹಾಕಿ ಮೊಹರು ಒತ್ತಿದೆ.