ಜವರಪ್ಪನ ಮಿಲ್ಲಿನ ಬೆಕ್ಕು

ದುದ್ದದಲ್ಲಿ ಹಿಟ್ಟಿನ ಮಿಲ್ಲು ಇಟ್ಟಿರುವ ಜವರಪ್ಪನಿಗೆ ಹುಬ್ಬಿನಿಂದ ಚಪ್ಪಲಿಯವರೆಗೆ ರಾಗಿಹಿಟ್ಟು, ಬಾಯಲ್ಲಿ ಮಾತ್ರ ಮೆಣಸಿನಪುಡಿ. ರಾಗಿ ಹಸಿಯಿದ್ದರೆ ಬೈಗುಳ, ಚೀಲ ತೂತಾಗಿದ್ದರೆ ಬೈಗುಳ. ಮಿಲ್ಲಿನ ಬೆಕ್ಕನ್ನು ಯಾರಾದರೂ ಮುದ್ದು ಮಾಡಿದರಂತೂ, "ಅದು ಇಲಿ ಇಡಿಯಾಕೆ ಇರಾದು ಕಣವ್ವ, ಕೆಲ್ಸ ಮಾಡ್ದೆ ಇರೋರ್ಗೆ ಇಲ್ಲಿ ಊಟ ಇಲ್ಲ" ಎಂದು ಗದರುತ್ತಾನೆ. ಆ ಬೆಕ್ಕಿಗೆ ಬೆಕ್ಕುಗಳಲ್ಲಿ ಹರಡುವ ಲ್ಯುಕೇಮಿಯಾ ವೈರಸ್ ತಗುಲಿ, ಹೊಟ್ಟೆಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆ ಎದ್ದಿದೆ. "ಈ ಕ್ಯಾನ್ಸರ್ ವಾಸಿ ಆಗಲ್ಲ ಯಜಮಾನ್ರೇ, ಕೀಮೋ ಕೊಟ್ರೆ ಇನ್ನೊಂದೆರಡು ತಿಂಗಳು ಆರಾಮಾಗಿರುತ್ತೆ, ಅಷ್ಟೇ" ಎಂದಿದ್ದಾರೆ ಹಾಸನದ ಡಾಕ್ಟರು. ಅಂದಿನಿಂದ ವಾರಕ್ಕೊಂದು ದಿನ ಮಿಲ್ಲಿಗೆ ಬೀಗ. ಜವರಪ್ಪ ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿಕೊಂಡು ಹಾಸನದ ಬಸ್ಸು ಹತ್ತುತ್ತಾನೆ. ಬುಟ್ಟಿಯಲ್ಲೇನೆಂದು ಕಂಡಕ್ಟರ್ ಕೇಳಿದರೆ, "ಮಿಲ್ಲಿನ ಸಾಮಾನು ಕಣಪ್ಪ, ರಿಪೇರಿಗೆ" ಎನ್ನುತ್ತಾನೆ; ಸಾಮಾನು ಒಳಗಿಂದ ಮಿಯಾಂವ್ ಎನ್ನುತ್ತದೆ. ಈಗೀಗ ಅದು ಇಲಿ ಎದುರಿಗೇ ಓಡಿದರೂ ತಲೆ ಎತ್ತುವುದಿಲ್ಲ. ದಿನಾ ಬೆಳಗ್ಗೆ ಮಿಲ್ಲಿನ ಬಾಗಿಲು ತೆಗೆಯುವ ಮುಂಚೆ ಜವರಪ್ಪ, ರಾತ್ರಿ ತಾನೇ ಒಡ್ಡಿದ ಇಲಿಕತ್ತರಿಗೆ ಸಿಕ್ಕಿ ಸತ್ತ ಇಲಿಯನ್ನು ಬಾಲ ಹಿಡಿದು ತಂದು, ಬೆಕ್ಕು ಮಲಗಿರುವ ಗೋಣಿಚೀಲದ ಪಕ್ಕ ಇಡುತ್ತಾನೆ. ಆಮೇಲೆ ರಾಗಿ ತಂದ ಮೊದಲನೆಯ ಹೆಂಗಸನ್ನು ಕರೆದು ತೋರಿಸುತ್ತಾನೆ: "ನೋಡವ್ವ, ಇವತ್ತೂ ಇಡಿದವ್ಳೆ."