ಕೀಲಿ ಬಿದ್ದ ಕೂಸಿನ ಖೋಲಿ

ಬೆಳಗಾವಿಯಿಂದ ಖಾನಾಪುರ ದೂರವೇನಲ್ಲ. ಬಸ್ಸಿನಲ್ಲಿ ತಾಸೊಂದರ ದಾರಿ. ಆದರೂ ಖಾಸಬಾಗದ ನಮ್ಮ ಮನೆಯಿಂದ ನಾನು ಅತ್ತ ಹೋಗಿ ಬಹಳ ದಿನವಾಗಿತ್ತು. ತಂಗಿ ಶಾಂತಾ ಫೋನ್ ಮಾಡಿ, "ಅಕ್ಕಾ, ಸಾಲ್ಯಾಗಿನ ಕೂಸಿನ ಖೋಲಿಗೆ ಕೀಲಿ ಹಾಕ್ಯಾರ. ಗೌರಿನ್ನ ಕಾರಖಾನಿಗೆ ಕರ್ಕೊಂಡು ಹೊಂಟೀನಿ" ಎಂದಳು. ಮರುದಿನವೇ ಉದ್ಯಮಬಾಗದ ನನ್ನ ಕೆಲಸಕ್ಕೆ ರಜೆ ಹಾಕಿ ಹೊರಟೆ.

ಶಾಂತಾ ಖಾನಾಪುರದಾಚೆಯ ಒಂದು ಹಳ್ಳಿಯಲ್ಲಿ ಹಂಚಿನ ಕಾರಖಾನೆಗೆ ಹೋಗುತ್ತಾಳೆ. ಗಂಡ ಲಾರಿ ಚಾಲಕ, ತಿಂಗಳಿನ ಹೆಚ್ಚು ದಿನ ರಸ್ತೆಯ ಮೇಲೆ. ಮಗಳು ಗೌರಿಗೆ ಇನ್ನೂ ಮೂರು ತುಂಬಿಲ್ಲ. ಅಂಥ ಕೂಸುಗಳಿಗಾಗಿ ಊರ ಸರಕಾರಿ ಶಾಲೆಯ ಖಾಲಿ ಖೋಲಿಯೊಂದರಲ್ಲಿ ಹಗಲು ಪಾಲನಾ ಕೇಂದ್ರ ನಡೆಯುತ್ತಿತ್ತು. ನೋಡಿಕೊಳ್ಳುವವರು ಊರ ಕೂಸುಗಳಿಗೆಲ್ಲ ಚಿಕ್ಕಮ್ಮನಂತಿದ್ದ ಸುಮನ್ ಮಾವಶಿ. ತಾಯಂದಿರು ಅದನ್ನು ಕೂಸಿನ ಖೋಲಿ ಎಂದೇ ಕರೆಯುತ್ತಿದ್ದರು.

ಬಸ್ಸಿನಲ್ಲಿ ಆಧಾರ್ ಕಾರ್ಡು ನೋಡಿ ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ. ಪೀರನವಾಡಿ, ಮಚ್ಛೆ ದಾಟುವವರೆಗೂ ಕಿಟಕಿಯಿಂದ ಥಂಡಿ ಗಾಳಿ ಹೊಡೆಯುತ್ತಿತ್ತು. ಖಾನಾಪುರದಲ್ಲಿ ಇಳಿದು ನಿಲ್ದಾಣದೆದುರಿನ ಹೋಟೆಲಿನಲ್ಲಿ ಮಿಸಳ ತಿಂದೆ. ಮಾಣಿ ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಇಬ್ಬರಿಗೂ ತೊಂದರೆಯಾಗಲಿಲ್ಲ. ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಸೀದಾ ಕಾರಖಾನೆಗೇ ಹೋದೆ.

ಹೊರಗೆ ಬಿಸಿಲೇರಿತ್ತು. ತಗಡಿನ ಸೂರಿನ ಕೆಳಗೆ ಹೆಂಗಸರು ಹಸಿ ಹಂಚುಗಳನ್ನು ಹೊತ್ತು ಒಣಗಲಿಡುತ್ತಿದ್ದರು. ಗೌರಿ ಒಂದು ಕಂಬದ ಬುಡದಲ್ಲಿ ಕೂತು ಮಣ್ಣು ತಿನ್ನುತ್ತಿದ್ದಳು. ಹತ್ತಿರ ಹೋದಾಗ ಕಂಡಿತು: ಹಳೆಯ ಸೀರೆಯ ಅಂಚನ್ನು ಹರಿದು ಅವಳ ನಡುವಿಗೆ ಕಟ್ಟಿದ್ದರು, ಇನ್ನೊಂದು ತುದಿ ಕಂಬಕ್ಕಿತ್ತು. ಕರುವನ್ನು ಕಟ್ಟಿದ ಹಾಗೆ. ಮೊಣಕೈ ಮೇಲೆ ಸುಟ್ಟ ಗುಳ್ಳೆ. ಬಟ್ಟಿಯಿಂದ ಆಗಷ್ಟೇ ತೆಗೆದ ಹಂಚನ್ನು ಮುಟ್ಟಿದ್ದಳಂತೆ. ಕಟ್ಟಲು ಶುರುಮಾಡಿದ್ದು ಆಮೇಲೆ.

ನನಗೆ ಮೊದಲು ಸಿಟ್ಟು ಬಂದದ್ದು ತಂಗಿಯ ಮೇಲೆ. ಅವಳು ತಲೆಯ ಮೇಲಿನ ಹಂಚಿನ ಹಲಗೆ ಇಳಿಸದೆಯೇ, "ಮತ್ತೇನ್ ಮಾಡ್ಲಿ, ನೀನ ಹೇಳು" ಎಂದಳು. ನಾನು ಗಂಟು ಬಿಚ್ಚಿ ಕೂಸನ್ನು ಎತ್ತಿಕೊಂಡು ಶಾಲೆಯ ಕಡೆ ನಡೆದೆ.

ಖೋಲಿಯ ಬಾಗಿಲಿಗೆ ಕೀಲಿ, ಅದರ ಮೇಲೆ ಅಂಟಿಸಿದ ಆದೇಶ. ಹೆಡ್‌ಮಾಸ್ತರರು ನನ್ನನ್ನು ಕೂರಿಸಿ ನಡೆದದ್ದನ್ನು ಹೇಳಿದರು. ತಾಲೂಕಿನಿಂದ ಅಧಿಕಾರಿ ಬಂದು ತಪಾಸಣೆ ಮಾಡಿದರಂತೆ. ಶಾಲೆಗೆ ಕಂಪೌಂಡ್ ಗೋಡೆ ಇಲ್ಲ. ತರಬೇತಿ ಪಡೆದ ಎರಡನೆಯ ಆಯಾ ಇಲ್ಲ. ಕಟ್ಟಡ ಒಂದು ಇಲಾಖೆಯದು, ಕೂಸುಗಳು ಇನ್ನೊಂದು ಇಲಾಖೆಗೆ ಸೇರಿದವು, ಇಬ್ಬರ ಒಪ್ಪಿಗೆಯೂ ಇಲ್ಲ. ಹೀಗಾಗಿ ನಿಯಮದ ಪ್ರಕಾರ ಬಂದ್.

ಅಲ್ಲಿ ಯಾವ ಕೂಸಿಗಾದರೂ ಏನಾದರೂ ಆಗಿತ್ತೇ ಎಂದು ಕೇಳಿದೆ. ಮೊಣಕಾಲು ಕೂಡ ತರಚಿರಲಿಲ್ಲ ಎಂದರು.

"ಗೋಡಿ ಕಟ್ಟಿಸಿ ಕೊಡ್ರಿ ಅಂತ ಎಷ್ಟ್ ಸಲ ಬರದೀನ್ರಿ, ಬಾಯಾರ. ಬರದದ್ದಕ್ಕ ಉತ್ತರ ಬರ್ಲಿಲ್ಲ, ಕೀಲಿ ಬಂತು."

ನಾನು ನಿಯಮದ ವಿರೋಧಿಯಲ್ಲ. ಶಾಲೆಯ ಮುಂದೆಯೇ ಇಟ್ಟಿಗೆಯ ಟ್ರ್ಯಾಕ್ಟರುಗಳು ಓಡಾಡುವ ರಸ್ತೆ ಇದೆ. ಗೋಡೆ ಬೇಕು, ಇನ್ನೊಬ್ಬ ಆಯಾ ಬೇಕು. ಆದರೆ ಗೋಡೆ ಕಟ್ಟಬೇಕಾದವರೂ ಸರಕಾರದವರೇ, ಗೋಡೆಯಿಲ್ಲವೆಂದು ಕೀಲಿ ಜಡಿದವರೂ ಅವರೇ. ಪಕ್ಕದ ಖೋಲಿಯಲ್ಲಿ ಒಂದನೇ ತರಗತಿಯ ಮಕ್ಕಳು ಆಗ ಮಗ್ಗಿ ಹೇಳುತ್ತಿದ್ದರು. ಅದೇ ಅಂಗಳ, ಅದೇ ರಸ್ತೆ. ಆರು ವರ್ಷದವರಿಗೆ ಬೇಡವಾದ ಗೋಡೆ ಎರಡು ವರ್ಷದವರನ್ನು ಹೊರಹಾಕಲಿಕ್ಕೆ ಮಾತ್ರ ಬೇಕಾಯಿತು. ಬಟ್ಟಿಯ ಬಾಯಿಗೆ ಯಾವ ಗೋಡೆ ಇದೆಯೆಂದು ಯಾರೂ ತಪಾಸಣೆಗೆ ಬಂದಿರಲಿಲ್ಲ.

ಸಂಜೆ ಶಾಂತಾಳ ಮನೆಯಲ್ಲಿ ಐದಾರು ತಾಯಂದಿರು ಸೇರಿದರು. ಜೋಳದ ಭಾಕರಿ ಬಡಿಯುತ್ತಲೇ ಮಾತು ನಡೆಯಿತು. ಅರ್ಜಿ ಕೊಡೋಣ ಎಂದೆ ನಾನು. ಎರಡು ಕೊಟ್ಟಾಗಿದೆ ಎಂದರು. ನಾಳೆ ಕೂಸುಗಳನ್ನೇ ತಾಲೂಕಿನ ಕಚೇರಿಗೆ ಒಯ್ಯೋಣ ಎಂದವಳು ಶಾಂತಾ. ಒಂದು ದಿನದ ಪಗಾರ ಹೋಗುತ್ತದೆ ಎಂದು ಒಬ್ಬಳು ಹಿಂಜರಿದಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳೇ ಬಂದು ನಿಂತಿದ್ದಳು. ಸುಮನ್ ಮಾವಶಿಯೂ ಜೊತೆಗೆ ಹೊರಟರು.

ಖಾನಾಪುರದ ಆ ಕಚೇರಿ ಮೊದಲ ಮಹಡಿಯಲ್ಲಿದೆ. ಕೀಲಿ ಹಾಕಿಸಿದ ಅಧಿಕಾರಿ ಮೈಸೂರು ಕಡೆಯ ಹುಡುಗ, ಸಭ್ಯಸ್ಥ. ಎಲ್ಲರಿಗೂ ಕುರ್ಚಿ ಹಾಕಿಸಿದ. "ನಿಯಮ ಇರೋದೇ ಮಕ್ಕಳ ಸುರಕ್ಷತೆಗೆ ಅಮ್ಮಾ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದ. ಅವನ ಮೆದು ಮಾತಿಗೇ ನನ್ನ ಮೈ ಉರಿಯಿತು. ಗೌರಿಯ ಮೊಣಕೈ ತೋರಿಸಿ, ಇದಕ್ಕೆ ಜವಾಬ್ದಾರರು ಯಾರು ಎಂದು ಕೇಳಿದೆ. ಅದು ಕಾರಖಾನೆಯ ವಿಷಯ, ತನ್ನ ಇಲಾಖೆಗೆ ಬರುವುದಿಲ್ಲ ಎಂದ.

ಆಗ ಶಾಂತಾ ಎದ್ದು ಮಗಳನ್ನು ಅವನ ಮೇಜಿನ ಮೇಲೆ ಕೂರಿಸಿ, ಅಂಗಿ ಎತ್ತಿ ನಡುವಿನ ಸುತ್ತ ಬಿದ್ದ ಕೆಂಪು ಬರೆ ತೋರಿಸಿದಳು.

"ಸಾಹೇಬ್ರ, ನಾನ ಕಟ್ಟಿದ್ದು ಇದು. ಹೆತ್ತಾಕಿ ನಾನ. ಸುರಕ್ಷತಾ ನಿಮ್ಮ ಹತ್ರ ಐತಿ ಅಂದ್ರ ಕೂಸೂ ನಿಮ್ಮ ಹತ್ರನ ಇರ್ಲಿ. ನಾವು ಕೆಲಸಕ್ಕ ಹೋಗಿ ಸಂಜಿಕ ಬಂದು ಒಯ್ತೀವಿ."

ಹೇಳಿದಂತೆ ಎಲ್ಲರೂ ಕೂಸುಗಳನ್ನು ಬಿಟ್ಟು ಕೆಳಗಿಳಿದುಹೋದರು. ಕಾರಖಾನೆಗೇನೂ ಹೋಗಲಿಲ್ಲ, ಗೇಟಿನ ಬಳಿ ಬೇವಿನ ಕೆಳಗೆ ಕೂತರು. ಮೇಲೆ ಉಳಿದವರು ನಾನು ಮತ್ತು ಸುಮನ್ ಮಾವಶಿ. ಒಂದು ಕೂಸು ಅತ್ತಿತು, ಅದನ್ನು ನೋಡಿ ಉಳಿದವೂ ಅತ್ತವು. ಒಂದು ಕಂಪ್ಯೂಟರಿನ ವೈರು ಎಳೆಯಿತು. ಇನ್ನೊಂದು ಫೈಲುಗಳ ರಾಶಿಯ ಪಕ್ಕ ಉಚ್ಚೆ ಹೊಯ್ದಿತು. ಗೌರಿ ಮೆಟ್ಟಿಲ ಕಡೆ ಓಡಿದಾಗ ಅಧಿಕಾರಿಯೇ ಕುರ್ಚಿ ಬಿಟ್ಟು ಹಾರಿ ಅವಳನ್ನು ಹಿಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಮಾವಶಿ ಅವನ ಕೈಯಿಂದ ಕೂಸನ್ನು ಇಸಿದುಕೊಂಡು ಬೆನ್ನು ತಟ್ಟಿದರು.

ಊಟದ ಹೊತ್ತಿಗೆ ಅವನು ಬೆಳಗಾವಿಗೆ ನಾಲ್ಕಾರು ಫೋನು ಮಾಡಿದ. ಕೊನೆಗೆ ಖೋಲಿ ತೆಗೆಯಲು ಹೆಡ್‌ಮಾಸ್ತರರಿಗೆ ಬಾಯಿಮಾತಿನಲ್ಲಿ ಹೇಳುವೆ, ಬರೆದುಕೊಡಲು ಮೇಲಿನವರು ಒಪ್ಪುತ್ತಿಲ್ಲ ಎಂದ. ಅಂದರೆ ನಾಳೆ ಏನಾದರೂ ಆದರೆ ಸಿಕ್ಕಿಬೀಳುವವರು ಹೆಡ್‌ಮಾಸ್ತರರು. ಇಷ್ಟು ದೊಡ್ಡ ಸರಕಾರದ ಹೊಣೆ ಇಳಿದಿಳಿದು ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಮಾಸ್ತರರ ಹೆಗಲಿಗೆ ಬಂದು ನಿಂತಿತು.

ನಾವು ಮರಳಿದಾಗ ಅವರು ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಫೋನು ಬಂದಿತ್ತು. ಪಿಂಚಣಿಗೆ ಕುತ್ತು ಬಂದೀತೆಂದು ಹೆಂಡತಿ ಬೇಡವೆಂದಿದ್ದರಂತೆ. ಗೌರಿ ಹೋಗಿ ಮುಚ್ಚಿದ ಬಾಗಿಲಿಗೆ ಕೈ ಬಡಿದಳು. ಅವರು ಎದ್ದು, "ಆದದ್ದು ಆಗ್ಲಿ ತಗೋ" ಎಂದು ಕೀಲಿ ತೆಗೆದರು. ಬಾಗಿಲು ತೆರೆದದ್ದು ನಿಯಮದಿಂದಲ್ಲ, ಅವರ ಎದೆಗಾರಿಕೆಯಿಂದ. ಅದಕ್ಕೇ ನನಗೆ ಸಂತೋಷ ಅರ್ಧವೇ ಆಯಿತು. ಎದೆಗಾರಿಕೆ ಇಲ್ಲದ ಮಾಸ್ತರರಿರುವ ಊರಿನ ಕೂಸುಗಳು ಇನ್ನೂ ಕಂಬಕ್ಕೇ ಇರುತ್ತವೆ.

ಮಾರನೆಯ ಬೆಳಿಗ್ಗೆ ನಾನು ಹೊರಟಾಗ ಊರ ಗಂಡಸರು ಅಂಗಳಕ್ಕೆ ಬಿದಿರಿನ ಬೇಲಿ ಹಾಕುತ್ತಿದ್ದರು. ಬಸ್ಸು ಉದ್ಯಮಬಾಗದಲ್ಲಿ ನಿಂತಿತು. ರಾತ್ರಿ ಪಾಳಿ ಮುಗಿಸಿದವರ ನಡುವೆ ಒಬ್ಬ ಎಳೆಯ ಹೆಂಗಸು ಕೂಸನ್ನೆತ್ತಿಕೊಂಡು ಹತ್ತಿ ನನ್ನ ಬಾಜು ಕೂತಳು. ಇಲ್ಲಿಯ ಕಾರಖಾನೆಯೊಂದರಲ್ಲಿ ಕೆಲಸ ಕೇಳಲು ಬಂದಿದ್ದಳಂತೆ. ಕೊಟ್ಟರೇ ಎಂದು ಕೇಳಿದೆ.

"ಕೊಟ್ರು. ನಾಳಿಂದ ಬಾ ಅಂದ್ರು," ಎಂದಳು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತ ಕೇಳಿದಳು: "ಇಲ್ಲಿ ಕೂಸು ಬಿಡಾಕ ಎಲ್ಲ್ಯಾರ ಜಾಗಾ ಐತೇನ್ರಿ, ಅಕ್ಕಾರ?"

ಅದೇ ಉದ್ಯಮಬಾಗದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನನಗೆ ಅಂಥ ಒಂದು ಜಾಗವೂ ಗೊತ್ತಿರಲಿಲ್ಲ.