ಮೀನಿಗೆ ಹೋದ ಹಾಳೆ

ಪಾಣೆಮಂಗಳೂರಿನ ಅವ್ವಮ್ಮನ ಮನೆಗೆ ಕಥೆಗಳು ಬಂದದ್ದು ಮೀನಿನ ದಾರಿಯಲ್ಲಿ. ಗಂಡ ಉಮ್ಮರ್ ಸೈಕಲ್ಲಿನಲ್ಲಿ ಮನೆಮನೆಗೆ ಮೀನು ಮಾರುವವನು. ಮೀನು ಕಟ್ಟಿಕೊಡಲು ಗುಜರಿ ಅಂಗಡಿಯಿಂದ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ತರುತ್ತಿದ್ದ. ಅದರಲ್ಲಿ ರಾಜಕುಮಾರರು, ಮಾಂತ್ರಿಕರು, ರಾಕ್ಷಸರು ತುಂಬಿದ ಮಾಸಪತ್ರಿಕೆಗಳೂ ಇರುತ್ತಿದ್ದವು. ಏಳನೆಯ ತರಗತಿಯವರೆಗೆ ಓದಿದ್ದ ಅವ್ವಮ್ಮ ಅವನ್ನು ಆರಿಸಿ ಅಕ್ಕಿ ಡಬ್ಬದ ಹಿಂದೆ ಅಡಗಿಸಿಡುತ್ತಿದ್ದಳು. ಉಮ್ಮರನ ಕೈಗೆ ಸಿಕ್ಕಿದ್ದು ಬಂಗುಡೆಯ ಜೊತೆ ಊರು ಸೇರುತ್ತಿತ್ತು, ಸಿಗದೆ ಉಳಿದದ್ದು ಜಗಲಿ ಸೇರುತ್ತಿತ್ತು.

ಆ ಜಗಲಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ನೆರೆಕರೆಯ ಹೆಂಗಸರು ಬೀಡಿ ಕಟ್ಟಲು ಕೂರುತ್ತಿದ್ದರು. ತೊಂಬತ್ತರ ದಶಕದಲ್ಲಿ ಆ ಕಡೆ ಬೀಡಿ ಕಟ್ಟದ ಮನೆಯನ್ನು ಹುಡುಕಬೇಕಿತ್ತು. ಮಡಿಲಲ್ಲಿ ಎಲೆಯೂ ಹೊಗೆಸೊಪ್ಪೂ ತುಂಬಿದ ಮೊರ. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಹಾಗಾಗಿ ಒಂದು ಒಪ್ಪಂದ ತಾನಾಗಿಯೇ ಬೆಳೆದುಬಂತು. ಅವ್ವಮ್ಮ ಕನ್ನಡದಲ್ಲಿ ಓದಿ, ತಿಳಿಯದವರಿಗೆ ತುಳುವಿನಲ್ಲಿ ಬಿಡಿಸಿ ಹೇಳಬೇಕು. ಉಳಿದವರು ಏಳುವಾಗ ತಮ್ಮ ಮೊರದಿಂದ ಒಂದು ಹಿಡಿ ಬೀಡಿ ಅವಳ ಮೊರಕ್ಕೆ ಹಾಕಬೇಕು. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಬೀಡಿ ತೆಗೆದುಕೊಳ್ಳುವವನು ಅವಳ ಕಟ್ಟು ನೋಡಿ, "ಇದು ಒಬ್ಬರ ಕೈಯದ್ದಲ್ಲ," ಎಂದು ಗೊಣಗುತ್ತಿದ್ದ. ಅವಳು ಕೇಳಿಸದವಳಂತೆ ನಿಲ್ಲುತ್ತಿದ್ದಳು.

ಆ ಕಥೆಗಳ ವೀರರೆಲ್ಲ ಒಂದೇ ಅಚ್ಚಿನವರು. ಹುಟ್ಟಿದ್ದು ಅರಮನೆಯಲ್ಲಿ, ಬೆಳೆದದ್ದು ಕಾಡಿನಂಚಿನಲ್ಲಿ ಕಟ್ಟಿಗೆ ಕಡಿಯುವವನ ಗುಡಿಸಲಲ್ಲಿ, ಭುಜದ ಮೇಲೊಂದು ಮಚ್ಚೆ. ಮೀಸೆ ಚಿಗುರುವ ಹೊತ್ತಿಗೆ ಬಾವಿಕಟ್ಟೆಯ ಬಳಿ ಒಬ್ಬ ಗಡ್ಡದ ಮುದುಕ ಸಿಗಲೇಬೇಕು. ಯಾರಿಂದಲೂ ಎತ್ತಲಾಗದ ಕತ್ತಿಯನ್ನು ಹುಡುಗ ಹುಲ್ಲುಕಡ್ಡಿಯಂತೆ ಎತ್ತಲೇಬೇಕು.

"ಇವ ಹೋದ ತಿಂಗಳಿನವನೇ ಅಲ್ವಾ ಮಾರಾಯ್ತಿ? ಹೆಸರು ಮಾತ್ರ ಬೇರೆ," ಎಂದಳು ಜಗಲಿಗೆ ಹಿರಿಯಳಾದ ಜೈನಬಮ್ಮ.

"ನಮ್ಮ ಪಾಡ್ದನದ ಹಾಡುಗಳಲ್ಲಿಯೂ ಹಾಗೆಯೇ," ಎಂದಳು ಪಕ್ಕದ ಮನೆಯ ಶಶಿಪ್ರಭಾ. "ಹೆಸರು ಮಾಡುವವರು ಹುಟ್ಟಿದ ಮನೆಯಲ್ಲಿ ಬೆಳೆಯುವ ಕ್ರಮವೇ ಇಲ್ಲ."

ಅಚ್ಚು ಒಂದೇ ಆದದ್ದರಿಂದ ಅವ್ವಮ್ಮನಿಗೆ ಅನುಕೂಲವೂ ಇತ್ತು. ನಡುವೆ ಹಾಳೆ ಹರಿದುಹೋಗಿದ್ದರೆ ಅವಳು ತಡವರಿಸುತ್ತಿರಲಿಲ್ಲ, ತಾನೇ ಹೇಳಿ ತುಂಬಿಸುತ್ತಿದ್ದಳು. ಆದರೆ ಒಂದು ಹಾಳೆಯ ವಿಷಯದಲ್ಲಿ ಅವಳದು ತಿರುವುಮುರುವು. ಕಟ್ಟಿಗೆ ಕಡಿಯುವವನ ಹೆಂಡತಿ ಹುಡುಗನನ್ನು ಎದುರು ಕೂರಿಸಿ, ನಾನು ನಿನ್ನನ್ನು ಹೆತ್ತವಳಲ್ಲ ಎಂದು ಹೇಳುವ ಹಾಳೆ ಅದು. ಕಣ್ಣೆದುರಿಗೇ ಇದ್ದರೂ, "ಇಲ್ಲಿ ಒಂದು ಹಾಳೆ ಇಲ್ಲ, ಮೀನಿಗೆ ಹೋಗಿದೆ," ಎಂದು ದಾಟಿಸಿಬಿಡುತ್ತಿದ್ದಳು. ಪಾಪದ ವೀರ ಕಾರಣವೇ ಇಲ್ಲದೆ ಮನೆ ಬಿಟ್ಟು ಹೊರಡುತ್ತಿದ್ದ.

ಕಾರಣ ಅವಳ ತೊಡೆಗೆ ಒರಗಿ ಕೂತಿರುತ್ತಿತ್ತು. ಶಹಲಾ ಅವ್ವಮ್ಮನ ತಂಗಿಯ ಮಗಳು. ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ತಂಗಿಯ ಗಂಡ, ವಿಟ್ಲದ ಹನೀಫಾ, ದುಡಿಯಲು ಕಡಲಾಚೆಯ ದಮ್ಮಾಮಿಗೆ ಹೋದವನು ಬೇರೆ ಮದುವೆಯಾಗಿ ಅಲ್ಲೇ ಉಳಿದ. ಮಕ್ಕಳಿಲ್ಲದ ಅವ್ವಮ್ಮ ಹಸಿಗೂಸನ್ನು ಎತ್ತಿಕೊಂಡು ಬಂದಳು. ಮಗು ಮೊದಲ ಬಾರಿ ಅವಳನ್ನೇ ತಾಯಿಯೆಂದು ತಿಳಿದು "ಉಮ್ಮ" ಎಂದಾಗ ಅದನ್ನು ತಿದ್ದಲು ಅವಳಿಗೆ ಮನಸ್ಸು ಬರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ವರ್ಷಗಟ್ಟಲೆ ಬರಲಿಲ್ಲ. ಜಗಲಿಯ ಅಷ್ಟೂ ಹೆಂಗಸರಿಗೆ ಗೊತ್ತಿತ್ತು, ಒಬ್ಬಳೂ ಬಾಯಿ ಬಿಡಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರು ಆ ಜಗಲಿಗೆ ಬಂದು ನೋಡಬೇಕಿತ್ತು.

ಎರಡು ಸಾವಿರದ ಇಸವಿ ದಾಟುವಾಗ ಅವ್ವಮ್ಮನ ಕಣ್ಣು ಮಂಜಾಯಿತು. ರಜೆಯ ಮಧ್ಯಾಹ್ನಗಳಲ್ಲಿ ಓದುವ ಕೆಲಸ ಹೈಸ್ಕೂಲಿಗೆ ಹೋಗುತ್ತಿದ್ದ ಶಹಲಾಳಿಗೆ ಬಂತು. ಹುಡುಗಿಗೆ ಹಾಳೆ ದಾಟಿಸುವ ವಿದ್ಯೆ ಗೊತ್ತಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದಳು. ಈಗ ಕಾಪಾಡುವ ಕೆಲಸ ಜಗಲಿಯ ಪಾಲಿಗೆ ಬಂತು. ಕಟ್ಟಿಗೆಯವನ ಹೆಂಡತಿ ಬಾಯಿ ತೆರೆದಳೋ ಇಲ್ಲವೋ, ಜೈನಬಮ್ಮನಿಗೆ ಕೆಮ್ಮು ಹತ್ತುತ್ತಿತ್ತು. ಶಶಿಪ್ರಭಾಳ ಕತ್ತರಿ ಕಾಣೆಯಾಗುತ್ತಿತ್ತು. ಇನ್ನೊಬ್ಬಳಿಗೆ ಕುಡಿಯಲು ನೀರು ಬೇಕಾಗುತ್ತಿತ್ತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಮಾಡಿ ಕೆಡಿಸಿದರು.

ಒಂದು ದಿನ ಶಹಲಾ ಪುಸ್ತಕವನ್ನು ಮಡಿಲಲ್ಲಿಟ್ಟಳು.

"ನಿಮಗೆಲ್ಲ ಇದೇ ಜಾಗದಲ್ಲಿ ಕೆಮ್ಮು ಬರುವುದು ಯಾಕೆ?"

ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ಅವ್ವಮ್ಮನ ಮೇಲೆ ಕಣ್ಣಿಟ್ಟಳು.

"ನನ್ನದೂ ಉಂಟಾ ಉಮ್ಮ, ಇಂಥ ಒಂದು ಹಾಳೆ?"

"ಉಂಟು," ಎಂದಳು ಅವ್ವಮ್ಮ. ಹೇಳತೊಡಗಿದ ಮೇಲೆ ಏನನ್ನೂ ಮುಚ್ಚಿಡಲಿಲ್ಲ. ತಂಗಿಯ ಹೆಸರು, ಆಸ್ಪತ್ರೆ, ಹನೀಫಾ, ದಮ್ಮಾಮು, ಎಲ್ಲವನ್ನೂ ಹೇಳಿದಳು.

"ಇವರಿಗೆಲ್ಲ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ," ಎಂದು ಶಹಲಾ ಎದ್ದು ಒಳಗೆ ಹೋದಳು.

ಆಮೇಲೆ ಮನೆಯಲ್ಲಿ ಜಗಳವೇನೂ ನಡೆಯಲಿಲ್ಲ. ಹುಡುಗಿ ಶಾಲೆಗೆ ಹೋದಳು, ಬಂದಳು, ಪಾತ್ರೆ ತೊಳೆದಳು. ಆದರೆ "ಉಮ್ಮ" ಎಂಬ ಮಾತು ಮನೆಯಿಂದ ಎದ್ದುಹೋಯಿತು. ಅನ್ನ ಆಗಿದೆ, ಕರೆಂಟು ಹೋಯಿತು ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಅಷ್ಟರಲ್ಲಿ, ಹನೀಫಾ ರಜೆಯಲ್ಲಿ ಊರಿಗೆ ಬಂದಿದ್ದಾನೆ, ಮಗಳನ್ನು ನೋಡಬೇಕಂತೆ, ಅವಳು ತನ್ನ ಜೊತೆ ಇರುವುದಾದರೆ ಇಟ್ಟುಕೊಳ್ಳುತ್ತಾನಂತೆ ಎಂದು ವಿಟ್ಲದಿಂದ ಸುದ್ದಿ ಬಂತು. ಅವ್ವಮ್ಮ ಅದನ್ನೂ ಅಡಗಿಸದೆ ಹೇಳಿದಳು. "ಆಯ್ತು," ಎಂದಳು ಶಹಲಾ. ಹೋಗುತ್ತೇನೆ ಎಂದೋ, ಕೇಳಿಸಿಕೊಂಡೆ ಎಂದೋ ತಿಳಿಯಲಿಲ್ಲ. ಅವ್ವಮ್ಮನಿಗೆ ಕೇಳುವ ಧೈರ್ಯ ಬರಲಿಲ್ಲ. ಕಥೆಯಲ್ಲಿ ಅರಮನೆಗೆ ಹೋದವರು ಗುಡಿಸಲಿಗೆ ಹಿಂದಿರುಗಿದ್ದನ್ನು ಅವಳು ಎಲ್ಲಿಯೂ ಓದಿರಲಿಲ್ಲ. ಆ ರಾತ್ರಿ ಬಡಿಸಿಕೊಂಡ ಅನ್ನವನ್ನು ಮುಟ್ಟದೆ ಮುಚ್ಚಿಟ್ಟಳು.

ಮರುದಿನ ಭಾನುವಾರ. ಓದುವವರಿಲ್ಲದ ಜಗಲಿಯಲ್ಲಿ ಎಲ್ಲರೂ ಬೀಡಿ ಕಟ್ಟುತ್ತಿದ್ದರು.

"ನೀನೇ ಏನಾದರೂ ಹೇಳು ಅವ್ವಮ್ಮ," ಎಂದಳು ಜೈನಬಮ್ಮ. "ಕೈ ಓಡುವುದಿಲ್ಲ."

ಅವ್ವಮ್ಮ ಪುಸ್ತಕವಿಲ್ಲದೆ ಶುರುಮಾಡಿದಳು. ಹುಡುಗ ಕತ್ತಿ ಹಿಡಿದು ಅರಮನೆಗೆ ಹೊರಟ. ಯಾವಾಗಲೂ ಕಥೆ ಅವನ ಹಿಂದೆ ಹೋಗುತ್ತದೆ. ಈ ಸಲ ಅದು ಗುಡಿಸಲಲ್ಲೇ ಉಳಿಯಿತು.

"ಕಟ್ಟಿಗೆಯವನ ಹೆಂಡತಿ ಅಂಗಳ ಗುಡಿಸಿದಳು. ಹುಡುಗನ ಹಾಸಿಗೆ ಮಡಚಿದಳು, ಪುನಃ ಬಿಡಿಸಿದಳು. ಗಂಜಿ ಬೇಯಿಸಿದಳು, ಮೂವರಿಗೆ ಆಗುವಷ್ಟು. ಮತ್ತೆ..."

ಮತ್ತೆ ಏನು? ಯಾವ ಹಾಳೆ ಹರಿದರೂ ತುಂಬಿಸುತ್ತಿದ್ದವಳಿಗೆ ಇಲ್ಲಿ ಅಚ್ಚು ಸಿಗಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಂದೆ ನನಗೆ ಗೊತ್ತಿಲ್ಲ," ಎಂದಳು.

ಶಹಲಾ ಯಾವಾಗ ಬಾಗಿಲಿಗೆ ಬಂದು ನಿಂತಳೋ ಯಾರೂ ನೋಡಿರಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಗಂಜಿ, ಮೇಲೆ ಒಂದಿಷ್ಟು ಒಣಮೀನಿನ ಚಟ್ನಿ ಹಾಕಿ ತಂದಳು. ಅವ್ವಮ್ಮನ ಮಡಿಲಿನ ಮೊರವನ್ನು ಬದಿಗೆ ಸರಿಸಿ ಬಟ್ಟಲನ್ನು ಅಲ್ಲಿಟ್ಟಳು.

"ಮುಂದೆ ಅವಳಿಗೆ ಹಸಿವಾಯಿತು," ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಉಣ್ಣಿ. ನಾಳೆ ಮೊದಲನೇ ಬಸ್ಸಿಗೆ ವಿಟ್ಲಕ್ಕೆ ಹೋಗುವ, ನಾವಿಬ್ಬರೂ. ಅವರನ್ನು ನೋಡಿ ಸಂಜೆಗೆ ಮನೆಗೆ ಬರುವ, ಉಮ್ಮ."